ಸಸೂನ್ ಮನೆತನದ ದಾನವನ್ನು ಮುಂಬಯಿಯ ಬೀದಿಗಳಲ್ಲಿ ಓದುವ ಬಗೆ: ಕರಾವಳಿಯಿಂದ ಹೋಗುವವರಿಗೆ

ಮಂಗಳೂರು ಸೆಂಟ್ರಲ್‌ನಲ್ಲಿಯೋ ಉಡುಪಿಯ ಇಂದ್ರಾಳಿಯಲ್ಲಿಯೋ ಮತ್ಸ್ಯಗಂಧ ಹತ್ತಿ ಮುಂಬಯಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರಿಗೆ ಅಲ್ಲಿ ಒಬ್ಬ ಮಾವನೋ, ಚಿಕ್ಕಮ್ಮನೋ, ಹೋಟೆಲ್ ಇಟ್ಟ ಊರಿನವರೋ ಇದ್ದೇ ಇರುತ್ತಾರೆ. ಆದ್ದರಿಂದ ನಗರ ನೋಡಬೇಕೆಂದೇ ಹೊರಡುವವರು ಕಡಿಮೆ. ಮದುವೆಗೋ ಗೃಹಪ್ರವೇಶಕ್ಕೋ ಹೋದಾಗ ಎರಡು ದಿನ ಹೆಚ್ಚಿಗೆ ಉಳಿಯಲು ಸಾಧ್ಯವಾದರೆ, ಸಸೂನ್ ಎಂಬ ಒಂದೇ ಯಹೂದಿ ಮನೆತನದ ಜಾಡು ಹಿಡಿದು ಆ ನಗರವನ್ನು ಹೇಗೆ ಓದಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮೂರನೆಯ ದಿನವೊಂದು ಸಿಕ್ಕರೆ ಅದನ್ನು ಪುಣೆಗೆ ಮೀಸಲಿಡಿ. ಒಂದು ನೋಟುಪುಸ್ತಕ, ಫೋಟೋ ಇರುವ ಗುರುತಿನ ಚೀಟಿ, ತಲೆ ಮುಚ್ಚಿಕೊಳ್ಳಲು ಒಂದು ಟೊಪ್ಪಿ ಅಥವಾ ಕರವಸ್ತ್ರ, ಮೀನಿನ ನೀರು ಹಾರಿದರೂ ಚಿಂತೆಯಿಲ್ಲದ ಚಪ್ಪಲಿ, ಇಷ್ಟು ಜೊತೆಗಿದ್ದರೆ ಸಾಕು.

ದಾನಿಯ ಹೆಸರು ಕೆತ್ತಿದ ಕಲ್ಲಿನ ಮುಂದೆ ನಿಂತವರು ಸಾಮಾನ್ಯವಾಗಿ ಕೈ ಮುಗಿಯುತ್ತಾರೆ, ಇಲ್ಲವೇ ‘ಯಾರ ದುಡ್ಡೋ ಏನೋ’ ಎಂದು ಮುಂದೆ ಹೋಗುತ್ತಾರೆ. ಕಲ್ಲನ್ನು ಓದಬೇಕಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಹಣ ಯಾವ ವ್ಯಾಪಾರದಿಂದ ಬಂತು, ಅದನ್ನು ಕೊಟ್ಟ ವರ್ಷ ಯಾವುದು, ಕಟ್ಟಡದ ಬಾಗಿಲು ಅಂದು ಯಾರಿಗಾಗಿ ತೆರೆದಿತ್ತು, ಇಂದು ಅದರೊಳಗೆ ಯಾರಿದ್ದಾರೆ? ನೋಟುಪುಸ್ತಕದಲ್ಲಿ ಒಂದೊಂದು ಸ್ಥಳಕ್ಕೆ ಒಂದೊಂದು ಪುಟ ಬಿಟ್ಟು ಈ ನಾಲ್ಕಕ್ಕೆ ಮೊದಲೇ ಗೆರೆ ಎಳೆದುಕೊಳ್ಳಿ. ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ಬಿಡಿ; ನನ್ನ ಅನುಭವದಲ್ಲಿ ಅತ್ಯಂತ ಕುತೂಹಲದ ಸಂಗತಿಗಳು ದೊರೆಯುವುದು ಅಲ್ಲಿಯೇ.

ಹೊರಡುವ ಮೊದಲು ಊರಿನಲ್ಲಿಯೇ ಒಮ್ಮೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೂ ಲೇಡಿಗೋಷನ್ ಆಸ್ಪತ್ರೆಗೂ ಇರುವುದು ದಾನಿಗಳ ಹೆಸರಲ್ಲ; ಒಂದು ಮದರಾಸಿನ ಗವರ್ನರನ ಹೆಸರು, ಇನ್ನೊಂದು ಮತ್ತೊಬ್ಬ ಗವರ್ನರನ ಪತ್ನಿಯ ಹೆಸರು. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಫಲಕದಲ್ಲಿರುವ ಹಾಜಿ ಅಬ್ದುಲ್ಲಾ ಅವರಾದರೋ ಆ ಜಾಗವನ್ನೇ ದಾನವಾಗಿ ಕೊಟ್ಟವರು. ಆಳಿದವರ ಗೌರವಕ್ಕೆ ಇಟ್ಟ ಹೆಸರನ್ನೂ ಕೊಟ್ಟವರ ನೆನಪಿಗೆ ಇಟ್ಟ ಹೆಸರನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ಇಲ್ಲಿ ಆಗಿದ್ದರೆ ಮುಂಬಯಿಯಲ್ಲಿ ಗೊಂದಲವಾಗುವುದಿಲ್ಲ. ಅಲ್ಲಿ ಕೆಲವೊಮ್ಮೆ ಒಂದೇ ಕಲ್ಲಿನ ಮೇಲೆ ಎರಡೂ ಬಗೆಯ ಹೆಸರುಗಳು ಅಕ್ಕಪಕ್ಕದಲ್ಲಿರುತ್ತವೆ.

ಯಹೂದಿಗಳೆಂದರೆ ಎಲ್ಲರೂ ಒಂದೇ ಎಂದುಕೊಂಡು ಹೋಗಬೇಡಿ. ನಮ್ಮ ಊರಿಗೂ ಅವರು ಹೊಸಬರಲ್ಲ. ಟ್ಯುನೀಸಿಯಾದ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 12ನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದನೆಂಬುದು ಕೈರೋದ ಹಳೆಯ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ದೊರೆತ ಕಾಗದಪತ್ರಗಳಿಂದ ತಿಳಿದಿದೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸಿ, ಶನಿವಾರ ಕೆಲಸ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡು, ಮರಾಠಿಯನ್ನೇ ಮನೆಮಾತಾಗಿಸಿಕೊಂಡವರು ಬೆನೆ ಇಸ್ರೇಲರು. ಸಸೂನರು ಈ ಇಬ್ಬರಿಗೂ ಸೇರಿದವರಲ್ಲ. 19ನೆಯ ಶತಮಾನದಲ್ಲಿ ಇರಾಕಿನಿಂದ ಬಂದ, ಅರಬ್ಬಿ ಮಾತನಾಡುವ ಬಾಗ್ದಾದಿ ಯಹೂದಿಗಳು. ಮುಂಬಯಿಯಲ್ಲಿ ಯಾರಾದರೂ ‘ಇಲ್ಲಿಯ ಯಹೂದಿಗಳು’ ಎಂದರೆ, ಯಾವ ಯಹೂದಿಗಳು ಎಂದು ಕೇಳಿ.

ಮನೆತನದ ಮೂಲಪುರುಷ ಡೇವಿಡ್ ಸಸೂನ್ 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದವರು. ಅವರ ತಂದೆ ಅಲ್ಲಿಯ ಪಾಶಾಗಳ, ಅಂದರೆ ಪ್ರಾಂತಾಧಿಪತಿಗಳ, ಖಜಾನೆಯ ಮುಖ್ಯಸ್ಥರಾಗಿದ್ದರು. ದಾವೂದ್ ಪಾಶಾನ ಕಾಲದಲ್ಲಿ ಕಿರುಕುಳ ಹೆಚ್ಚಿದಾಗ ಡೇವಿಡ್ ಊರು ಬಿಟ್ಟು ಪರ್ಶಿಯಾದ ಬುಶೆಹರ್ ಬಂದರಿಗೆ ಹೋಗಿ, ಅಲ್ಲಿಂದ 1832ರ ಹೊತ್ತಿಗೆ ಮುಂಬಯಿಗೆ ಬಂದರು. ಇಂಗ್ಲಿಷ್ ಬರುತ್ತಿರಲಿಲ್ಲ, 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಸಹಿ ಹಾಕಿದ್ದೂ ಹೀಬ್ರೂ ಲಿಪಿಯಲ್ಲಿ. ಮನೆತನದ ವ್ಯಾಪಾರದ ಪತ್ರಗಳನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದ ಅರಬ್ಬಿ ಭಾಷೆಯಲ್ಲಿ ನಡೆಸುತ್ತಿದ್ದುದರಿಂದ ಹೊರಗಿನವರಿಗೆ ಅವು ಓದಲು ಬರುತ್ತಿರಲಿಲ್ಲ. ಎಂಟು ಗಂಡುಮಕ್ಕಳಲ್ಲಿ ಹಿರಿಯ ಅಬ್ದುಲ್ಲಾ ಮುಂದೆ ಆಲ್ಬರ್ಟ್ ಎಂದು ಹೆಸರು ಬದಲಿಸಿಕೊಂಡು ಸರ್ ಪದವಿ ಪಡೆದರು; ಎರಡನೆಯ ಇಲಿಯಾಸ್ 1867ರಲ್ಲಿ ಬೇರೆಯಾಗಿ ಇ.ಡಿ. ಸಸೂನ್ ಕಂಪನಿಯನ್ನು ಕಟ್ಟಿದರು. ಮುಂಬಯಿಯಲ್ಲಿ ನೀವು ನೋಡುವ ಸಸೂನ್ ಕಟ್ಟಡಗಳಲ್ಲಿ ಬಹುಪಾಲು ಈ ಮೂವರದು ಮತ್ತು ಇಲಿಯಾಸರ ಮಗ ಜೇಕಬರದು. ಈ ನಾಲ್ಕು ಹೆಸರುಗಳನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ವಂಶವೃಕ್ಷದಂತೆ ಬರೆದಿಟ್ಟುಕೊಳ್ಳಿ.

ಇವರ ದಾನದ ಹಿಂದಿದ್ದ ಪದ್ಧತಿಯೂ ಗೊತ್ತಿರಬೇಕು. ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ಬಡವರಿಗಾಗಿ ತೆಗೆದಿಡುವುದು ಯಹೂದಿಗಳಲ್ಲಿ ಹಳೆಯ ರೂಢಿ. ದಾನಕ್ಕೆ ಅವರು ಬಳಸುವ ‘ಸೆದಕಾ’ ಎಂಬ ಮಾತಿನ ಮೂಲಾರ್ಥ ನ್ಯಾಯ ಎಂಬುದಕ್ಕೆ ಹತ್ತಿರವಾದದ್ದು; ನಮ್ಮ ಬ್ಯಾರಿ ಓದುಗರಿಗೆ ‘ಸದಖ’ ಎಂಬ ಮಾತು ತಕ್ಷಣ ನೆನಪಾಗುತ್ತದೆ, ಎರಡೂ ಒಂದೇ ಬೇರಿನವು. ಬಂದರು ರಸ್ತೆಯ ಹಳೆಯ ಅಂಗಡಿಗಳ ಕಿರ್ದಿಯಲ್ಲಿ ‘ಧರ್ಮಾದಾಯ’ ಎಂಬ ಒಂದು ಖಾತೆ ಇರುತ್ತಿದ್ದುದನ್ನು ಕಂಡವರಿಗೆ, ವ್ಯಾಪಾರದ ಲೆಕ್ಕದ ಒಳಗೇ ದಾನದ ಲೆಕ್ಕವೂ ಇರುವುದು ಅಚ್ಚರಿಯೆನಿಸಲಾರದು.

ಮೊದಲ ದಿನವನ್ನು ಕೊಲಾಬಾದ ಸಸೂನ್ ಡಾಕ್‌ನಿಂದ ಆರಂಭಿಸಿ. ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ಎಂಟು ಗಂಟೆಗೆ ಹೋದರೆ ನೋಡಲು ಉಳಿಯುವುದು ತೊಳೆದ ನೆಲ ಮಾತ್ರ. ನಮ್ಮ ಬಂದರಿನ ದಕ್ಕೆಯನ್ನೋ ಮಲ್ಪೆಯನ್ನೋ ನೋಡಿದವರಿಗೆ ಗದ್ದಲ ಹೊಸದಲ್ಲ, ಮಾತು ಮಾತ್ರ ಹೊಸದು: ಬಂಗುಡೆ ಅಲ್ಲಿ ಬಾಂಗಡಾ ಆಗುತ್ತದೆ, ಅಂಜಲ್ ಸುರ್ಮಯಿ ಆಗುತ್ತದೆ. ಬುಟ್ಟಿಗಳ ನಡುವೆ ಸಾಲಾಗಿ ಕುಳಿತ ಹೆಂಗಸರು ಸಿಗಡಿಯ ತಲೆ ಚಿವುಟಿ, ಸಿಪ್ಪೆ ಎಳೆದು, ಒಂದೇ ಎಸೆತಕ್ಕೆ ತಟ್ಟೆಗೆ ಹಾಕುವ ವೇಗವನ್ನು ಐದು ನಿಮಿಷ ನಿಂತು ನೋಡಿ. ಅವರ ಬೆರಳಿಗೆ ಸುತ್ತಿದ ಬಟ್ಟೆಯ ಚೂರು ಮಂಜುಗಡ್ಡೆಯ ನೀರಿನಲ್ಲಿ ನೆನೆದು ಬಿಳಿಚಿಕೊಂಡಿರುತ್ತದೆ. ಫೋಟೋ ತೆಗೆಯುವುದಕ್ಕೆ ಅಲ್ಲಿ ನಿರ್ಬಂಧವಿದೆ; ಮೊಬೈಲನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಕಣ್ಣಿನಿಂದ ನೋಡುವುದು ಲೇಸು.

ಈ ಡಾಕ್‌ನ ಪುಟದಲ್ಲಿ ‘ದಾನ’ ಎಂದು ಬರೆದರೆ ತಪ್ಪಾಗುತ್ತದೆ. ಸಮುದ್ರವನ್ನು ತುಂಬಿಸಿ ಪಡೆದ ನೆಲದಲ್ಲಿ 1875ರಲ್ಲಿ ಆಲ್ಬರ್ಟ್ ಸಸೂನರ ಹಣದಿಂದ ಕಟ್ಟಿದ, ಪಶ್ಚಿಮ ಭಾರತದಲ್ಲಿ ಈ ಬಗೆಯಲ್ಲಿ ಮೊದಲನೆಯದಾದ ಈ ಹಡಗುಕಟ್ಟೆ ಅಪ್ಪಟ ವ್ಯಾಪಾರದ ಹೂಡಿಕೆ. ಅದಕ್ಕೆ ಮೊದಲು ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಸರಕನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸಬೇಕಾಗುತ್ತಿತ್ತು. ಸರಕಾರ ಹಿಂದೆಮುಂದೆ ನೋಡುತ್ತಿದ್ದ ಕೆಲಸವನ್ನು ಖಾಸಗಿ ಮನೆತನವೊಂದು ಮಾಡಿ ತೋರಿಸಿತು. 1879ರಲ್ಲಿ ಸರಕಾರವೇ ಅದನ್ನು ಕೊಂಡುಕೊಂಡಿತು. ನಗರಕ್ಕೆ ಉಪಕಾರವಾಯಿತೆಂಬುದು ನಿಜ, ಮಾರಾಟದ ಹಣ ಬಂದದ್ದೂ ನಿಜ. ಲಾಭಕ್ಕೆ ಮಾಡಿದ್ದನ್ನು ಲಾಭಕ್ಕೆ ಮಾಡಿದ್ದೆಂದೇ ಬರೆದುಕೊಂಡರೆ, ನಿಜವಾಗಿ ಕೊಟ್ಟದ್ದರ ಬೆಲೆ ಮುಂದಿನ ಪುಟಗಳಲ್ಲಿ ಸರಿಯಾಗಿ ಕಾಣುತ್ತದೆ.

ಅಲ್ಲಿಂದ ಕಾಲಾಘೋಡಾಕ್ಕೆ ಬನ್ನಿ. ಎಲ್ಫಿನ್‌ಸ್ಟನ್ ಕಾಲೇಜಿನ ಪಕ್ಕದಲ್ಲಿ, ಮಲಾಡಿನ ಹಳದಿ ಕಲ್ಲಿನಲ್ಲಿ ಕಟ್ಟಿದ ಡೇವಿಡ್ ಸಸೂನ್ ಗ್ರಂಥಾಲಯವಿದೆ. ಇದರ ಕಥೆ ಸಸೂನರಿಂದ ಆರಂಭವಾಗುವುದಿಲ್ಲ. ಸರಕಾರಿ ಟಂಕಸಾಲೆಯಲ್ಲಿಯೂ ಹಡಗುಕಟ್ಟೆಯಲ್ಲಿಯೂ ದುಡಿಯುತ್ತಿದ್ದ ಮೆಕ್ಯಾನಿಕ್‌ಗಳು ಮತ್ತು ಮೇಸ್ತ್ರಿಗಳು 1847ರಲ್ಲಿ ತಮಗಾಗಿ ಕಟ್ಟಿಕೊಂಡ ಒಂದು ಸಂಸ್ಥೆ ಅದು. ಯಂತ್ರಗಳ ಮಾದರಿಗಳನ್ನು ಇಡುವುದು, ಉಪನ್ಯಾಸ ನಡೆಸುವುದು ಅದರ ಉದ್ದೇಶ. ಡೇವಿಡ್ ಸಸೂನ್ 60,000 ರೂಪಾಯಿ ಕೊಟ್ಟದ್ದರಿಂದ ಸ್ವಂತ ಕಟ್ಟಡದ ಯೋಜನೆ ಗಟ್ಟಿಯಾಯಿತು. ಒಟ್ಟು ಸುಮಾರು 1.25 ಲಕ್ಷ ರೂಪಾಯಿ ಖರ್ಚಾಗಿ 1870ರಲ್ಲಿ ಕಟ್ಟಡ ಮುಗಿಯಿತು. ಅಂದರೆ ಫಲಕದ ಮೇಲಿನ ಹೆಸರು ಅರ್ಧದಷ್ಟು ಹಣದ್ದು, ಸಂಸ್ಥೆಯ ಮೊದಲ ಕಲ್ಪನೆ ಕೆಲಸಗಾರರದ್ದು. ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ಕಥೆ ಕೇಳಿ ಬೆಳೆದವರಿಗೆ ಈ ಪುಟ ಬರೆಯುವಾಗ ಸ್ವಲ್ಪ ಸಮಯ ಹೆಚ್ಚು ಬೇಕಾದೀತು.

ಒಳಗೆ ಡೇವಿಡ್ ಸಸೂನರ ಅಮೃತಶಿಲೆಯ ಪ್ರತಿಮೆ ಇದೆ, ವುಲ್ನರ್ ಎಂಬ ಆಂಗ್ಲ ಶಿಲ್ಪಿ ಮಾಡಿದ್ದು. ಅದರ ಉಡುಪನ್ನು ಗಮನಿಸಿ: ಪೇಟ, ಪಾದದವರೆಗೆ ಇಳಿಬಿದ್ದ ಬಾಗ್ದಾದಿನ ನಿಲುವಂಗಿ. ಮೂವತ್ತು ವರ್ಷ ಬ್ರಿಟಿಷರ ನಡುವೆ ವ್ಯಾಪಾರ ಮಾಡಿದ ಮೇಲೂ ಅವರು ಕೋಟು ತೊಟ್ಟವರಲ್ಲ. ಮಗ ಅಬ್ದುಲ್ಲಾ ಆಲ್ಬರ್ಟ್ ಆದ ಬಗೆಯನ್ನು ತಿಳಿಯಬೇಕಾದರೆ ಹೊರಗೆ ಬಂದು ಕುದುರೆಯನ್ನು ನೋಡಬೇಕು. ಕಾಲಾಘೋಡಾ ಎಂಬ ಹೆಸರು ಬಂದದ್ದು ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ರಾಜಕುಮಾರನು ಕುದುರೆಯ ಮೇಲೆ ಕುಳಿತ ಕಪ್ಪು ಪ್ರತಿಮೆಯಿಂದ. ರಾಜಕುಮಾರನ ಮುಂಬಯಿ ಭೇಟಿಯ ನೆನಪಿಗೆಂದು 1879ರಲ್ಲಿ ಅದನ್ನು ನಗರಕ್ಕೆ ಕೊಟ್ಟವರು ಆಲ್ಬರ್ಟ್ ಸಸೂನ್. ತಂದೆ ಕೊಟ್ಟದ್ದು ಓದುವ ಕೋಣೆ, ಮಗ ಕೊಟ್ಟದ್ದು ರಾಜಕುಮಾರನ ಪ್ರತಿಮೆ. ಒಂದೇ ಮನೆತನದ ಈ ಎರಡು ಬಗೆಯ ಕೊಡುಗೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ. ಹಳೆಯ ಪ್ರತಿಮೆಯನ್ನು 1965ರಲ್ಲಿ ತೆಗೆದರು. ಈಗ ಅಲ್ಲಿರುವುದು 2017ರಲ್ಲಿ ನಿಲ್ಲಿಸಿದ, ಸವಾರನಿಲ್ಲದ ಹೊಸ ಕುದುರೆ.

ಹತ್ತಿರದ ಗಲ್ಲಿಯಲ್ಲಿಯೇ ಕೆನೆಸೆತ್ ಇಲಿಯಾಹು ಸಿನಗಾಗ್ ಇದೆ. ಜೇಕಬ್ ಸಸೂನ್ ತಂದೆ ಇಲಿಯಾಸರ ನೆನಪಿಗಾಗಿ 1884ರಲ್ಲಿ ಕಟ್ಟಿಸಿದ್ದು, 2019ರಲ್ಲಿ ಜೀರ್ಣೋದ್ಧಾರವಾಗಿದೆ. ಬಾಗಿಲಲ್ಲಿ ಪೊಲೀಸರು ಗುರುತಿನ ಚೀಟಿ ನೋಡುತ್ತಾರೆ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಪ್ರಾರ್ಥನೆಯ ಸಭಾಂಗಣ ಇರುವುದು ಮೇಲಿನ ಅಂತಸ್ತಿನಲ್ಲಿ. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇಡುವ ಪೆಟ್ಟಿಗೆ ಪಶ್ಚಿಮದ ಗೋಡೆಯಲ್ಲಿದೆ, ಏಕೆಂದರೆ ಇಲ್ಲಿಂದ ಜೆರುಸಲೇಮ್ ಇರುವುದು ಪಡುವಣಕ್ಕೆ. ನಾನು ಮೊದಲ ಸಲ ಹೋದದ್ದು ಒಂದು ಶನಿವಾರ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್ ಎಂಬ ಸಾಮಾನ್ಯ ಸಂಗತಿಯೂ ಹೊಳೆಯದೆ, ಎರಡು ಲೋಕಲ್ ಬದಲಿಸಿ ಬಂದು ಮುಚ್ಚಿದ ಗೇಟಿನ ಮುಂದೆ ನಿಂತಿದ್ದೆ. ನೀವು ಮೊದಲ ದಿನವನ್ನು ವಾರದ ನಡುವೆ ಇಟ್ಟುಕೊಳ್ಳಿ. ಯಹೂದಿ ಹಬ್ಬಗಳ ದಿನಗಳನ್ನೂ ನೋಡಿಕೊಂಡು ಹೋಗಿ.

ಎರಡನೆಯ ದಿನ ಬೈಕಲಾಕ್ಕೆ ಮೀಸಲು. ಕಾಲಾಘೋಡಾದಿಂದ ತೆಗೆದ ಹಳೆಯ ಕುದುರೆ ಈಗ ಇರುವುದು ಇಲ್ಲಿಯ ಪ್ರಾಣಿಸಂಗ್ರಹಾಲಯದ ಉದ್ಯಾನದಲ್ಲಿ. ನಿನ್ನೆಯ ಪುಟವನ್ನು ತೆರೆದು ಅಲ್ಲಿಯೇ ಪೂರ್ತಿ ಮಾಡಿ. ಅದೇ ಉದ್ಯಾನದಲ್ಲಿ ಡೇವಿಡ್ ಸಸೂನರ ಹೆಸರಿನ ಗಡಿಯಾರ ಗೋಪುರವಿದೆ, ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದೊಳಗೆ ಅವರೇ ಕೊಟ್ಟ, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರನ ಪ್ರತಿಮೆ ಇದೆ. ತಂದೆಯೂ ರಾಜಮನೆತನಕ್ಕೆ ತಲೆಬಾಗಿದ್ದರೆಂಬುದಕ್ಕೆ ಇದು ಸಾಕ್ಷಿಯಾದ್ದರಿಂದ, ಮೇಲೆ ತಂದೆ ಮಗನ ಬಗ್ಗೆ ನಾನು ಹೇಳಿದ ಮಾತನ್ನು ನೀವು ಇಲ್ಲಿ ಅಷ್ಟಿಷ್ಟು ತಿದ್ದಿಕೊಳ್ಳಬೇಕಾಗುತ್ತದೆ. ಡೇವಿಡ್ ಸಸೂನರ ಬಂಗಲೆಯಾಗಿದ್ದ ‘ಸಾಂ ಸೂಸಿ’ ಇಂದು ಪಾರ್ಸಿ ವೈದ್ಯರೊಬ್ಬರು ಸ್ಥಾಪಿಸಿದ ಮಸೀನಾ ಆಸ್ಪತ್ರೆ.

ಬೈಕಲಾದಲ್ಲಿ ನೋಡಲೇಬೇಕಾದದ್ದು ಮಾಗೆನ್ ಡೇವಿಡ್ ಸಿನಗಾಗ್ ಮತ್ತು ಅದರ ಆಸುಪಾಸಿನ ಸಸೂನ್ ಶಾಲೆಗಳು. ನೀಲಿ ಬಣ್ಣದ, ಗಡಿಯಾರ ಗೋಪುರವುಳ್ಳ ಈ ಸಿನಗಾಗನ್ನು ಡೇವಿಡ್ ಸಸೂನ್ 1860ರ ದಶಕದ ಆರಂಭದಲ್ಲಿ ಕಟ್ಟಿಸಿದರು. ಜನ ಹೆಚ್ಚಿದಾಗ 1910ರಲ್ಲಿ ಜೇಕಬ್ ಅದನ್ನು ವಿಸ್ತರಿಸಿದರು. ಬಾಗ್ದಾದಿನಿಂದ ಕೆಲಸ ಹುಡುಕಿಕೊಂಡು ಬಂದ ಯಹೂದಿ ಕುಟುಂಬಗಳಿಗೆ ಸಸೂನರ ಕೊಠಿಯಲ್ಲಿಯೋ ಗಿರಣಿಯಲ್ಲಿಯೋ ಉದ್ಯೋಗ, ಮಕ್ಕಳಿಗೆ ಸಸೂನರ ಶಾಲೆ, ಪ್ರಾರ್ಥನೆಗೆ ಸಸೂನರ ಸಿನಗಾಗ್, ಹೀಗೆ ಹುಟ್ಟಿನಿಂದ ಮಣ್ಣಿನವರೆಗೆ ಒಂದೇ ಮನೆತನದ ನೆರಳು ಇತ್ತು. ಇಂಥ ನೆರಳಿನಲ್ಲಿ ಬದುಕುವವರಿಗೆ ಕೂಲಿ ಸಾಲದೆಂದು ಬಾಯಿಬಿಡುವುದು ಎಷ್ಟು ಸುಲಭವಿದ್ದೀತು ಎಂಬುದನ್ನು ಮೂರನೆಯ ಪ್ರಶ್ನೆಯ ಅಂಚಿನಲ್ಲಿ ಬರೆದಿಡಿ. 1948ರ ನಂತರದ ದಶಕಗಳಲ್ಲಿ ಬಾಗ್ದಾದಿಗಳು ಇಸ್ರೇಲಿಗೂ ಇಂಗ್ಲೆಂಡಿಗೂ ಹೋದರು. ಇಂದು ಆ ಶಾಲೆಗಳಲ್ಲಿ ಕಲಿಯುತ್ತಿರುವವರಲ್ಲಿ ಹೆಚ್ಚಿನವರು ಸುತ್ತಲಿನ ಬಡಾವಣೆಯ ಮುಸ್ಲಿಂ ಮಕ್ಕಳು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತರೆ, ಯಹೂದಿಗಳ ಚಿಹ್ನೆಯಾದ ದಾವೀದನ ನಕ್ಷತ್ರದ ಗುರುತಿರುವ ಜಾಗದಿಂದ ಸ್ಕಾರ್ಫು ಕಟ್ಟಿದ ಹೆಣ್ಣುಮಕ್ಕಳು ನೀರಿನ ಬಾಟಲಿ ಬೀಸುತ್ತ ಓಡಿಬರುವುದನ್ನು ಕಾಣಬಹುದು. ನಾಲ್ಕನೆಯ ಪ್ರಶ್ನೆಗೆ ನಾನು ಬಿಡಲು ಹೇಳಿದ ಜಾಗ ಇದಕ್ಕಾಗಿಯೇ.

ಪುಣೆಯ ದಿನಕ್ಕೆ ಹೆಚ್ಚು ಓಡಾಟವಿಲ್ಲ. ಸಸೂನ್ ಆಸ್ಪತ್ರೆ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಡೇವಿಡ್ ಸಸೂನರ ಕೊಡುಗೆಯಿಂದ 1863ರಲ್ಲಿ ಆರಂಭವಾದ ಈ ಕಟ್ಟಡ ಮುಗಿದದ್ದು 1867ರಲ್ಲಿ. ಅಷ್ಟರಲ್ಲಿ, 1864ರ ನವೆಂಬರಿನಲ್ಲಿ, ಅವರು ಪುಣೆಯಲ್ಲಿಯೇ ತೀರಿಕೊಂಡಿದ್ದರು. ಆರಂಭದಿಂದಲೂ ಎಲ್ಲ ಜಾತಿಮತದವರಿಗೆ ಉದ್ದೇಶಿಸಿದ ಈ ಆಸ್ಪತ್ರೆ ಇಂದು ಬಿ.ಜೆ. ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಸರಕಾರಿ ಆಸ್ಪತ್ರೆ. ಯೆರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದದ್ದು ಇಲ್ಲಿಯೇ, 1924ರ ಜನವರಿ 12ರ ರಾತ್ರಿ. ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದಾಗ ವಿದ್ಯುತ್ ಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಬಾಗ್ದಾದಿನ ಯಹೂದಿಯ ಹಣದಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ಬ್ರಿಟಿಷ್ ವೈದ್ಯನೊಬ್ಬ ಬ್ರಿಟಿಷ್ ಸರಕಾರದ ಕೈದಿಯನ್ನು ಉಳಿಸಿದ ಆ ರಾತ್ರಿಯ ಬಗ್ಗೆ ಒಂದು ಪುಟ ಬರೆದರೂ ಹೆಚ್ಚಲ್ಲ. ಅಲ್ಲಿಂದ ಕ್ಯಾಂಪಿನ ಓಹೆಲ್ ಡೇವಿಡ್ ಸಿನಗಾಗಿಗೆ ಹೋಗಿ. ಆಟೋದವರಿಗೆ ಈ ಹೆಸರು ಹೇಳಿದರೆ ತಿಳಿಯದಿರಬಹುದು. ‘ಲಾಲ್ ದೇವಲ್’ ಎನ್ನಿ. ಸುಮಾರು 90 ಅಡಿ ಎತ್ತರದ ಗೋಪುರದ ಈ ಕೆಂಪು ಕಟ್ಟಡದ ಆವರಣದಲ್ಲಿ ಡೇವಿಡ್ ಸಸೂನರ ಸಮಾಧಿ ಇದೆ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ, ಏಕೆಂದರೆ ಮೊದಲೇ ಹೇಳಿದರೆ ಕಟ್ಟಡಗಳನ್ನು ನೋಡುವ ತಾಳ್ಮೆ ಕೆಲವರಿಗೆ ಉಳಿಯುವುದಿಲ್ಲ. ಸಸೂನರ ಸಂಪತ್ತಿನ ದೊಡ್ಡ ಪಾಲು ಅಫೀಮಿನದು. ಬ್ರಿಟನ್ನಿಗೂ ಚೀನಾಕ್ಕೂ ಆದ 1842ರ ನಾನ್‌ಕಿಂಗ್ ಒಪ್ಪಂದದಿಂದ ಚೀನಾದ ಬಂದರುಗಳು ತೆರೆದ ಬೆನ್ನಿಗೇ ಇಲಿಯಾಸ್ ಅಲ್ಲಿಗೆ ಹೋಗಿ ನೆಲೆಯೂರಿದರು. ಮಾಳವದ ಅಫೀಮು ಮುಂಬಯಿಯಿಂದ ಹಡಗೇರಿ ಹೋಗುತ್ತಿತ್ತು. 1870ರ ದಶಕದಲ್ಲಿ ಬ್ರಿಟಿಷರ ಜಾರ್ಡಿನ್ ಮ್ಯಾಥಿಸನ್ ಕಂಪನಿ ಹಿಂದೆ ಸರಿದ ಮೇಲೆ ಆ ವ್ಯಾಪಾರದಲ್ಲಿ ಸಸೂನರದೇ ಮೇಲುಗೈ. ಉಳಿದದ್ದು ಹತ್ತಿಯದು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದ 1861ರಿಂದ 1865ರವರೆಗೆ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ನಿಮ್ಮ ನೋಟುಪುಸ್ತಕದ ಎರಡನೆಯ ಪ್ರಶ್ನೆಯ ಉತ್ತರಗಳನ್ನು ಈಗ ಸಾಲಾಗಿ ಓದಿ: ಪುಣೆಯ ಆಸ್ಪತ್ರೆ, ಬೈಕಲಾದ ಸಿನಗಾಗ್, ಗ್ರಂಥಾಲಯದ 60,000 ರೂಪಾಯಿ, ಎಲ್ಲವೂ ಆ ನಾಲ್ಕೈದು ವರ್ಷಗಳ ಸುತ್ತಮುತ್ತಲೇ ಇವೆ. ಮುಂಬಯಿಯಲ್ಲಿ ಪ್ಲೇಗ್ ಬಂದಾಗ ಅದೇ ಮನೆತನದ ಸೊಸೆ ಫ್ಲೋರಾ ಸಸೂನ್ ಹಾಫ್‌ಕಿನ್ ಎಂಬ ಯಹೂದಿ ವಿಜ್ಞಾನಿಯ ಲಸಿಕೆಯ ಬೆಂಬಲಕ್ಕೆ ನಿಂತರು. ಗಂಡ ತೀರಿಕೊಂಡ ಮೇಲೆ ಮುಂಬಯಿಯ ವ್ಯಾಪಾರವನ್ನು ನಡೆಸಿದವರೂ ಅವರೇ. ಅಫೀಮಿನ ಲೆಕ್ಕವನ್ನು ಲಸಿಕೆಯ ಲೆಕ್ಕದಿಂದ ಕಳೆದು ಉತ್ತರ ಹುಡುಕುವ ಗೋಜಿಗೆ ಹೋಗದೆ, ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. 1906ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಇಂಡಿಯಾದ ಮೊದಲ ಅಧ್ಯಕ್ಷರ ಹೆಸರು ಸಸೂನ್ ಡೇವಿಡ್. ಡೇವಿಡ್ ಸಸೂನ್ ಅದಕ್ಕೂ ನಲವತ್ತೆರಡು ವರ್ಷ ಮೊದಲೇ ತೀರಿಕೊಂಡವರು. ಇವರು ಬೇರೆ ವ್ಯಕ್ತಿ, ಇಲಿಯಾಸರ ಅಳಿಯ. ಎಷ್ಟೋ ಕಡೆ ಇಬ್ಬರನ್ನೂ ಒಬ್ಬರನ್ನಾಗಿಸಿ ಬರೆದದ್ದನ್ನು ಕಂಡಿದ್ದೇನೆ. ಇವರಿಗೆ ಪ್ರತ್ಯೇಕ ಪುಟ ಕೊಟ್ಟು, ಎದುರಿನ ಪುಟವನ್ನು ಖಾಲಿ ಬಿಡಿ. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದರು. ಹಾಜಿ ಅಬ್ದುಲ್ಲಾ ಅವರ ಹಳೆಯ ಮನೆ ಈಗ ನಾಣ್ಯಗಳ ಸಂಗ್ರಹಾಲಯವಾಗಿದೆ. ಇಂದ್ರಾಳಿಯಲ್ಲಿ ರೈಲಿನಿಂದ ಇಳಿದ ಮಾರನೆಯ ದಿನವೇ ನೋಟುಪುಸ್ತಕವನ್ನು ಹಿಡಿದು ಅಲ್ಲಿಗೆ ಹೋಗಿ, ಆ ಖಾಲಿ ಪುಟಕ್ಕೂ ಅದೇ ನಾಲ್ಕು ಗೆರೆಗಳನ್ನು ಎಳೆಯಿರಿ.